ಗುಟ್ಟಿನ ಫ್ಲೆಕ್ಸ್

"ಇವತ್ತು ಬೇಡ ದಿಲೀಪ್, ನಾನೇ ಸ್ಕೂಟರಲ್ಲಿ ಬಿಟ್ಟು ಬರ್ತೀನಿ" ಎಂದು ಗಗನ ತನ್ನ ಮಗಳು ಬಿಂದುವಿನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ತಾಯಂದಿರೂ ತಮ್ಮ ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಕೃಷ್ಣಮೂರ್ತಿಪುರಂನ ಈ ತಿರುವಿನಲ್ಲಿ ದಿನವೂ ನಾ ಮುಂದು ತಾ ಮುಂದು ಎಂದು ಸ್ಕೂಲ್ ವ್ಯಾನ್ ಹತ್ತುತ್ತಿದ್ದ ಮಕ್ಕಳು ಅವು. ಏನಾಯಿತೆಂದು ಡ್ರೈವರ್ ದಿಲೀಪನಿಗೆ ತಿಳಿಯಲಿಲ್ಲ. ಆಮೇಲೆ ಅವರ ಕಣ್ಣು ಹೋದ ಕಡೆ ತಾನೂ ನೋಡಿದ.

ಲೈಟು ಕಂಬಕ್ಕೆ ಆಳೆತ್ತರದ ಫ್ಲೆಕ್ಸ್ ಕಟ್ಟಿದ್ದರು. ಮಾನಸಿಕ ಆರೋಗ್ಯ ಕಾಯ್ದೆಯ ಅರಿವು ಸಪ್ತಾಹವಂತೆ. 'ನಿಮ್ಮ ಚಿಕಿತ್ಸೆಯ ವಿವರ ಗೋಪ್ಯ. ಅದು ನಿಮ್ಮ ಹಕ್ಕು!' ಎಂಬ ದಪ್ಪಕ್ಷರ. ಅದರ ಕೆಳಗೆ, ಖಿನ್ನತೆಯಿಂದ ಚೇತರಿಸಿಕೊಂಡವರಿಗೆ ಉದಾಹರಣೆಯಾಗಿ, ಮೈಸೂರು ಪೇಟ ತೊಟ್ಟು ಕೈಮುಗಿದು ನಗುತ್ತಿದ್ದ ದಿಲೀಪ.

ಖಾಲಿ ವ್ಯಾನನ್ನು ಅವನು ನೇರವಾಗಿ ಅರಿವು ಸಮಿತಿಯ ಕಚೇರಿಗೆ ಓಡಿಸಿದ. ಕಾರ್ಯದರ್ಶಿ ನಿರಂಜನ್ ಕಾಫಿ ಕುಡಿಯುತ್ತಿದ್ದರು.

"ಸಾರ್, ಹೆಸ್ರು ಆಚೆ ಬರಲ್ಲ ಅಂತ ನಂಬ್ಸಿ ನಿಮ್ಮ ಸಭೇಲಿ ಪೇಟ ತೊಡ್ಸಿ ಮಾತಾಡ್ಸಿದ್ರಿ."

"ಹೆಸರೆಲ್ಲಿ ಹಾಕಿದ್ದೀವಿ? ಬರೀ ಫೋಟೋ ಕಣ್ರೀ."

"ನನ್ನ ಮುಖಾನೇ ಹಾಕ್ಬುಟ್ಟು ಮೇಲೆ ಗೋಪ್ಯ ಅಂತ ಬರ್ಸಿದ್ದೀರಲ್ಲ ಸಾರ್!"

"ಮತ್ತೆ ಜನಕ್ಕೆ ಕಾನೂನು ಗೊತ್ತಾಗೋದು ಬೇಡ್ವಾ? ಮುಖ ಇಲ್ದಿದ್ರೆ ಯಾರ್ರೀ ನೋಡ್ತಾರೆ?"

ದಿಲೀಪನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನ್ನಿಸಿತು. "ಮಕ್ಕಳನ್ನ ಕಳಿಸ್ತಿಲ್ಲ ಸಾರ್. ವ್ಯಾನ್ ನಿಂತೋದ್ರೆ ನಮ್ಮನೆ ಒಲೆ ಉರಿಯಲ್ಲ. ಅದನ್ನ ಇಳಿಸ್ಬುಡಿ."

"ಭಾನುವಾರ ಸಮಾರೋಪಕ್ಕೆ ಮಂತ್ರಿಗಳು ಬರ್ತಾರೆ, ಇಳಿಸೋಕಾಗಲ್ಲ. ಏನಾದ್ರೂ ಅಡ್ಜಸ್ಟ್ ಮಾಡಿಸ್ತೀನಿ, ಹೋಗಿ."

ಆ ಪುಣ್ಯಾತ್ಮ ಆಡಿದ ಮಾತಿಗೆ ತಪ್ಪಲಿಲ್ಲ. ಮಾರನೆಯ ಬೆಳಗ್ಗೆ ಫ್ಲೆಕ್ಸಿನಲ್ಲಿ ದಿಲೀಪನ ಕಣ್ಣುಗಳ ಮೇಲೆ ಅಗಲವಾದ ಕಪ್ಪು ಟೇಪು ಅಂಟಿಸಿದ್ದರು. ಮೇಲೆ ಅದೇ ಪೇಟ, ಕೆಳಗೆ ಅದೇ ನಗು. ನಿನ್ನೆ ತಿರುಗಿಯೂ ನೋಡದೆ ಹೋದವರು ಇವತ್ತು ಗಾಡಿ ನಿಲ್ಲಿಸಿ, ಯಾವುದೋ ದರೋಡೆಕೋರನನ್ನು ನೋಡುವಂತೆ ನೋಡುತ್ತಿದ್ದರು.

"ದಿಲೀಪ್ ಅಂಕಲ್, ನಿಮ್ಮ ಕಣ್ಣಿಗೆ ಏನಾಯ್ತು?" ಬಿಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಗಗನ ಮಗಳ ಬಾಯಿ ಮುಚ್ಚಿದಳು.

ದಿಲೀಪನಿಗೆ ಮೊದಲು ನಾಚಿಕೆಯಾಯಿತು, ಬೆನ್ನಿಗೇ ಕೆಟ್ಟ ಕೋಪ ಬಂತು. ಇಷ್ಟು ವರ್ಷ ಒಂದು ಮಗುವಿಗೂ ಗೀರು ಬೀಳದ ಹಾಗೆ ಕರೆದೊಯ್ದು ಕರೆತಂದವನು ಅವನು. ವ್ಯಾನನ್ನು ಕಂಬದ ಬುಡಕ್ಕೆ ತಂದು, ಬಂಪರ್ ಮೇಲೆ ಹತ್ತಿ ನಿಂತು, ಆ ಟೇಪನ್ನು ಪರ್ರನೆ ಕಿತ್ತೆಸೆದ. ಕೆಳಗಿಳಿದು ವ್ಯಾನಿನ ಬಾಗಿಲು ತೆರೆದ.

"ಇವಾಗ ಸರಿಯಾಗಿ ನೋಡ್ಕಳಿ ಗಗನ ಮೇಡಂ. ನಾನೇ ಅದು. ಮಾತ್ರೆನೂ ತಗೋತೀನಿ, ವ್ಯಾನೂ ಓಡಿಸ್ತೀನಿ."

ಗಗನ ಫ್ಲೆಕ್ಸ್ ನೋಡಿದಳು, ಅವನ ಮುಖ ನೋಡಿದಳು. ಬಿಂದುವಿನ ಒಂದು ಕಾಲು ಆಗಲೇ ವ್ಯಾನಿನ ಮೆಟ್ಟಿಲ ಮೇಲಿತ್ತು. ಕೈ ಇನ್ನೂ ಅಮ್ಮನ ಮುಷ್ಟಿಯಲ್ಲೇ ಇತ್ತು.