ತೊಟ್ಟಿಲ ಬೆಲ್ಟು

"ನಿನ್ನ ಗಂಡನಿಗೆ ಸೇಫ್ಟಿ ಬೆಲ್ಟು ಕೊಟ್ಟಿದ್ರಾ, ಇಲ್ವಾ? ಅದೊಂದು ಹೇಳಮ್ಮ," ಎಂದು ತಪಾಸಣೆಗೆ ಬಂದ ಸಾಹೇಬರು ಕೇಳಿದಾಗ ಅವಳು ತೊಟ್ಟಿಲನ್ನು ಬೆನ್ನಿಂದ ಮರೆಮಾಡಿ ನಿಂತಳು. ಹೊಸ ಕಟ್ಟಡದ ಮೂರನೆಯ ಮಹಡಿಯಲ್ಲಿ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆಯಿಂದ ಬಿದ್ದ ಗಂಡ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಕೊಟ್ಟ ಬೆಲ್ಟನ್ನು ಅವನೇ ಹಾಕಿಕೊಳ್ಳಲಿಲ್ಲ ಎಂದಾದರೆ ಪರಿಹಾರ ಕೈತಪ್ಪುತ್ತದೆಂದು ಜೊತೆಯವರೆಲ್ಲ ಹೆದರಿಸಿದ್ದರು.

"ಕೊಟ್ಟಿದ್ದೆ ಸಾರ್. ಮಹಾರಾಜನಿಗೆ ಕಟ್ಟಿಕೊಳ್ಳೋಕೆ ನಾಚಿಕೆ," ಎಂದ ಪಕ್ಕದಲ್ಲೇ ನಿಂತಿದ್ದ ಕೆಲಸದ ಮೇಸ್ತ್ರಿ.

ಬೆಲ್ಟು ಕೊಟ್ಟೇ ಇಲ್ಲ ಎಂದುಬಿಡಲು ಅವಳು ಬಾಯಿ ತೆರೆದಳು. ಮೇಲೆ ದೇವರೊಬ್ಬ ನೋಡುತ್ತಿದ್ದಾನೆ ಎನ್ನಿಸಿ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಮಗು ಅತ್ತಿತು. ತೂಗಲೆಂದು ತೊಟ್ಟಿಲಿಗೆ ಕೈಹಾಕಿದ ಸಾಹೇಬರು ಹಾಗೇ ನಿಂತರು. ತೊಟ್ಟಿಲನ್ನು ಮೇಲಿನ ಕಂಬಿಗೆ ಬಿಗಿದ ಹಳದಿ ಪಟ್ಟಿಯಲ್ಲಿ ಬೆಲ್ಟಿನ ಕೊಂಡಿ ಹೊಳೆಯುತ್ತಿತ್ತು.

"ಇದನ್ನ ಇಲ್ಲಿ ಕಟ್ಟಿದ್ದು ಯಾರಮ್ಮ?"

"ಮೇಸ್ತ್ರಿ ಅಣ್ಣ," ಎಂದಳು, ಮುಚ್ಚಿಡಲು ಇನ್ನೇನೂ ಉಳಿಯದೆ. "ಹಗ್ಗ ಸವೆದು ಮಗು ಬೀಳೋ ಹಾಗಿತ್ತು. ನಮ್ಮನೆಯವರ ಸೊಂಟದಿಂದ ಬಿಚ್ಚಿಸಿ ಅವರೇ ಕಟ್ಟಿಕೊಟ್ರು. ಒಳ್ಳೇ ಮನಸ್ಸಿಂದ್ಲೇ ಕಟ್ಟಿದ್ರು, ಸುಳ್ಳು ಹೇಳಬಾರದು."

ಸಾಹೇಬರು ಮೇಸ್ತ್ರಿಯ ಕಡೆ ತಿರುಗಿದರು. "ಆಮೇಲೆ ಅವನನ್ನ ಮೇಲೆ ಹತ್ತಿಸಿದ್ದು ಯಾರು?"

ಅವಳು ಮಗುವನ್ನು ಎತ್ತಿಕೊಂಡಳು. ಖಾಲಿ ತೊಟ್ಟಿಲನ್ನು ಬೆಲ್ಟು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತ್ತು.