ಹಿರೀಕರ ಮಣ್ಣು

ಚಂಡೀಗಢದ ಕಾರಂಜಿ ಚೌಕದಲ್ಲಿ ಮುದುಕಿ ಬಿಷನ್ ಕೌರ್ ತಟ್ಟನೆ ನಿಂತು ಚಪ್ಪಲಿ ಬಿಟ್ಟಳು. "ಆ ಮಾವಿನ ಮರದ ಬುಡದಲ್ಲೇ ನಮ್ಮ ಹಿರೀಕರ ಗುಡಿ ಇದ್ದಿದ್ದು. ಈ ಪಟ್ಣ ಕಟ್ಟೋಕೆ ನಮ್ಮ ಹಳ್ಳೀನೇ ಕಿತ್ತುಹಾಕಿದ್ರು. ಮನೆಗೆ ಬಂದ ಹೊಸ ಸೊಸೆ ಹಿರೀಕರ ಹೆಸರಲ್ಲಿ ಇಲ್ಲಿ ಒಂದು ಹಿಡಿ ಮಣ್ಣು ತೆಗೀಲೇಬೇಕು, ಅದು ನಮ್ಮ ಪದ್ಧತಿ."

"ಅಜ್ಜಿ, ಜನ ನೋಡ್ತಿದಾರೆ. ಊರು ಸುತ್ತೋಕೆ ಬಂದಿದೀವಿ, ನಡಿ," ಎಂದು ಮೊಮ್ಮಗ ತೇಜ್‌ವೀರ್ ಸಿಡುಕಿದ.

ಅವನ ಹೆಂಡತಿ ಜಸ್ಲೀನ್ ಮಾತ್ರ ಮದುವೆಯ ಕೆಂಪು ಬಳೆಗಳನ್ನು ಮೇಲಕ್ಕೆ ಸರಿಸಿ ಮಂಡಿಯೂರಿದಳು. ಮರದ ಬುಡದವರೆಗೂ ಕಲ್ಲುಹಾಸು. ಸಂದಿಯಲ್ಲಿ ಕೆರೆದರೆ ಉಗುರು ಮುರಿಯಿತು, ಸಿಮೆಂಟಿನ ಪುಡಿ ಬಂತು. ಕೊನೆಗೆ ಪಕ್ಕದ ಹೂಕುಂಡಕ್ಕೆ ಕೈಹಾಕಿ ಒಂದು ಹಿಡಿ ಮಣ್ಣು ತಂದಳು. ಮುದುಕಿ ಹಣೆಗೊತ್ತಿಕೊಳ್ಳಲು ಬಗ್ಗಿದಳು.

"ಏ ಬೀಬೀ, ಚೆಲ್ಬೇಡಿ! ಎಲ್ಲಿಂದಲೋ ಲಾರೀಲಿ ತರಿಸಿದ ಮಣ್ಣದು!" ಎಂದು ಕಾವಲುಗಾರ ಕೂಗಿದ.

ಬಿಷನ್ ಕೌರ್ ಜಸ್ಲೀನಳ ಅಂಗೈಯನ್ನು ತನ್ನ ದುಪಟ್ಟಾದಿಂದ ಒರೆಸಿದಳು. "ಕೈ ತೊಳ್ಕೋ ಮಗಳೇ," ಎಂದು ಚಪ್ಪಲಿ ಮೆಟ್ಟಿಕೊಂಡಳು.