ಪುಸ್ತಕದ ಮೇಲಿನ ಗುಂಡುಕಲ್ಲು

ಅಂಗನವಾಡಿಯ ಚಿತ್ರಪುಸ್ತಕದಲ್ಲಿ ಒಬ್ಬಳು ಅಜ್ಜಿ, ಅವಳ ಕರು ಮತ್ತು ಒಬ್ಬ ರಾಕ್ಷಸ ಇದ್ದರು. ರಾಕ್ಷಸನ ಪುಟ ಬಂದರೆ ಸಾಕು, ಮಕ್ಕಳು ಟೀಚರ ಸೆರಗಿನೊಳಗೆ ಮುಖ ಹುದುಗಿಸುತ್ತಿದ್ದವು. ಅದಕ್ಕೇ ಟೀಚರ್ ಒಂದು ಪದ್ಧತಿ ಮಾಡಿದ್ದರು. ಕತೆ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಅಡುಗೆಕೋಣೆಯ ಗುಂಡುಕಲ್ಲನ್ನು ಅದರ ಮೇಲೆ ಇಡುತ್ತಿದ್ದರು.

“ಈಗ ರಾಕ್ಷಸ ಆಚೆ ಬರ್ತಾನಾ?”

“ಬರಲ್ಲ!” ಎಂದು ಕೂಗಿ, ಕಲ್ಲನ್ನೊಮ್ಮೆ ಮುಟ್ಟಿ ಖಾತ್ರಿ ಮಾಡಿಕೊಂಡು, ಮಕ್ಕಳು ಊಟಕ್ಕೆ ಓಡುತ್ತಿದ್ದವು.

ಅಪ್ಪನ ತಿಥಿ ಮುಗಿದ ಮೇಲೆ ಭಾಗಿ ಮತ್ತೆ ಅಂಗನವಾಡಿಗೆ ಬಂದಳು. ಅಂದು ಅವಳು ಊಟಕ್ಕೆ ಏಳಲೇ ಇಲ್ಲ. ಎಲ್ಲರೂ ಹೋದ ಮೇಲೆ ಫ್ರಾಕಿನ ಜೇಬಿನಿಂದ ಅಪ್ಪನ ಪುಟ್ಟ ಫೋಟೋ ತೆಗೆದಳು. ಫೋಟೋದಲ್ಲಿ ಅಪ್ಪನ ಹಣೆಗೆ ಇಟ್ಟಿದ್ದ ಕುಂಕುಮ ಕೆನ್ನೆಯವರೆಗೂ ಹರಡಿತ್ತು.

“ಟೀಚರ್, ನಮ್ಮಪ್ಪನ್ನ ಪುಸ್ತಕದೊಳಗೆ ಇಡ್ತೀರಾ?”

ಟೀಚರ ಕಣ್ಣು ತುಂಬಿ ಬಂತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲ್ಲು ಸರಿಸಿದರು. ಅಜ್ಜಿ ಕರುವಿಗೆ ಹುಲ್ಲು ತಿನ್ನಿಸುವ ಪುಟ ತೆರೆದರು.

“ಇಲ್ಲಿಡೋಣ ಕಂದಾ, ಅಜ್ಜಿ ಪಕ್ಕ. ಅಪ್ಪ ಬೇಕು ಅನ್ನಿಸಿದಾಗೆಲ್ಲ ನೀನು ಬಂದು ತೆಗೆದು ನೋಡಬಹುದು.”

ಭಾಗಿ ಗಾಬರಿಯಿಂದ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ತಾನೇ ಹಾಳೆಗಳನ್ನು ಮಗುಚಿ, ಈ ಸಲ ಮುಖ ಮುಚ್ಚಿಕೊಳ್ಳದೆ, ರಾಕ್ಷಸನ ಪುಟ ತೆರೆದು ಫೋಟೋವನ್ನು ಅದರ ಮೇಲೆ ಬೋರಲು ಹಾಕಿದಳು.

“ನಿನ್ನೆ ರಾತ್ರೀನೂ ಅಪ್ಪ ಬಂದಿದ್ದ. ಬೇಗ ಕಲ್ಲು ಇಡಿ ಟೀಚರ್.”